'ಸ್ಟಾಪ್ಡ್ ಟು ಟೇಕ್' ಅಂತ ಮೇಲ್ ಬರೆದು ಸಾಹುಕಾರ್ರ ಕೈಲಿ ಬೈಸಿಕೊಂಡೆ. ಈ 'ಟು' ಕಥೆ ಯಾರಾದರೂ ಬಿಡಿಸಿ ಹೇಳ್ತೀರಾ?

ಮಂಡಿಪೇಟೆ ಗುಮಾಸ್ತ, ರಾತ್ರಿ 9.40

ದಾವಣಗೆರೆಯ ಒಂದು ಬಟ್ಟೆ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿಕಾಂ ಆಗಿದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅಂಗಡಿಯಲ್ಲಿ ಟೈಪಿಂಗ್ ಬರೋದು ನನಗೊಬ್ಬನಿಗೇ. ಹಾಗಾಗಿ ಹೊರ ರಾಜ್ಯದ ಪಾರ್ಟಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಹಾಕುವ ಕೆಲಸವೂ ನನ್ನ ತಲೆಗೇ ಬಿದ್ದಿದೆ.

ಆದದ್ದು ಇಷ್ಟು. ಸೂರತ್ತಿನ ಒಂದು ಪಾರ್ಟಿಯಿಂದ ಸೀರೆ ತರಿಸುತ್ತೇವೆ. ಸಾಹುಕಾರ್ರು ಹೇಳಿದರು: "ಬೇರೆ ಪಾರ್ಟಿಗಳ ಹತ್ರ ಮಾಲು ತಗೊಳ್ಳೋದು ನಿಲ್ಲಿಸಿದ್ದೀವಿ, ಇನ್ನು ಎಲ್ಲ ನಿಮ್ಮ ಹತ್ರಾನೇ, ರೇಟು ನೋಡಿ ಹಾಕಿ ಅಂತ ಬರಿ." ನಾನು ಬರೆದೆ: 'ವಿ ಹ್ಯಾವ್ ಸ್ಟಾಪ್ಡ್ ಟು ಟೇಕ್ ಗೂಡ್ಸ್ ಫ್ರಮ್ ಅದರ್ ಪಾರ್ಟೀಸ್.'

ಐದು ದಿನ ಉತ್ತರ ಇಲ್ಲ. ದೀಪಾವಳಿ ಮಾಲು ಬೇರೆ. ಆರನೇ ದಿನ ಸಾಹುಕಾರ್ರೇ ಫೋನ್ ಮಾಡಿದರೆ ಆ ಕಡೆಯವರು ಮುನಿಸಿಕೊಂಡಿದ್ದಾರೆ. "ಬೇರೆಯವರ ಹತ್ರ ಮಾಲು ತಗೊಳ್ಳೋಕೆ ಅಂತ ನಮ್ಮದು ನಿಲ್ಲಿಸಿದ್ದೀರಲ್ಲ, ಮತ್ಯಾಕೆ ಫೋನು?" ಅಂದರಂತೆ. ಆಮೇಲೆ ನನಗೆ ಬಿದ್ದ ಬೈಗುಳ ಇಲ್ಲಿ ಬರೆಯೋದು ಬೇಡ.

ನನ್ನ ಪ್ರಶ್ನೆ: ತಗೊಳ್ಳೋದು ಅಂದರೆ 'ಟು ಟೇಕ್' ಅಲ್ವಾ? 'ಟು ಗೋ' ಅಂದರೆ ಹೋಗುವುದು, 'ಟು ಕಮ್' ಅಂದರೆ ಬರುವುದು ಅಂತಲೇ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ನಾನು ಎಲ್ಲಿ ಎಡವಿದೆ?


ಖಾಲಿ ದೋಸೆ, ರಾತ್ರಿ 9.52

ಗುರುವೇ, ಸಿಂಪಲ್. ಮಿರ್ಚಿ ತಿನ್ನೋಕೆ ನಿಂತೆ. ಮಿರ್ಚಿ ತಿನ್ನೋದು ನಿಲ್ಲಿಸಿದೆ. ಮೊದಲನೇದು ದಾವಣಗೆರೆಯಲ್ಲಿ ದಿನಾ ಸಂಜೆ ಆಗುತ್ತೆ. ಎರಡನೇದು ಯಾವತ್ತೂ ಆಗಲ್ಲ. ನೀನು ಎರಡನೇದು ಹೇಳೋಕೆ ಹೋಗಿ ಮೊದಲನೇದು ಬರೆದೆ.


ಕೋಟೆ ಮೇಷ್ಟ್ರು, ರಾತ್ರಿ 10.15

ಖಾಲಿ ದೋಸೆಯವರು ತಮಾಷೆಗೆ ಹೇಳಿದ್ದೇ ಪೂರ್ತಿ ಉತ್ತರ. ನಾನು ಚಿತ್ರದುರ್ಗದಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವನು. ಮೂವತ್ತು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಹೇಳೋಕೆ ನನಗೆ ಬಂದಿರಲಿಲ್ಲ.

ನೋಡಿ, ಕನ್ನಡದಲ್ಲಿ ಎರಡು ಕಡೆ ವ್ಯತ್ಯಾಸ ಇದೆ. ಒಂದು, ನಿಲ್ಲು ಮತ್ತು ನಿಲ್ಲಿಸು. ಇನ್ನೊಂದು, ತಿನ್ನೋಕೆ ಮತ್ತು ತಿನ್ನೋದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ 'ಸ್ಟಾಪ್'. ಹಾಗಾಗಿ ಪೂರ್ತಿ ಭಾರ ಅದರ ಮುಂದೆ ಬರುವ ಪದದ ಮೇಲೇ ಬೀಳುತ್ತೆ. 'ಸ್ಟಾಪ್ಡ್ ಟು ಈಟ್' ಅಂದರೆ ತಿನ್ನೋಕೆ ನಿಂತ. 'ಸ್ಟಾಪ್ಡ್ ಈಟಿಂಗ್' ಅಂದರೆ ತಿನ್ನೋದು ನಿಲ್ಲಿಸಿದ. ನಿಮ್ಮ ಸೂರತ್ತಿನವರು ಇಂಗ್ಲಿಷನ್ನು ಸರಿಯಾಗೇ ಓದಿದ್ದಾರೆ ಪಾಪ.

ಈ 'ಟು ಟೇಕ್'ಗೆ ಇನ್ಫಿನಿಟಿವ್ ಅನ್ನುತ್ತಾರೆ. 'ಟು' ಮುಂದೆ ಕ್ರಿಯಾಪದದ ಮೂಲ ರೂಪ. ಅದಕ್ಕೆ ಕಾಲವೂ ಅಂಟಲ್ಲ, ವ್ಯಕ್ತಿಯೂ ಅಂಟಲ್ಲ. 'ಹೀ ವಾಂಟ್ಸ್ ಟು ಗೋ', 'ದೇ ವಾಂಟೆಡ್ ಟು ಗೋ'. ಎಷ್ಟೇ ಬದಲಾದರೂ 'ಟು ಗೋ' ಅಲ್ಲಾಡಲ್ಲ. 'ಟು ಗೋಸ್' ಇಲ್ಲ, 'ಟು ವೆಂಟ್' ಇಲ್ಲ. ಹೆಸರು ಬಂದದ್ದೂ ಹಾಗೇ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಎಲ್ಲೆ ಇಲ್ಲದ್ದು, ಕಟ್ಟು ಇಲ್ಲದ್ದು. ನಮ್ಮ 'ಹೋಗಲು' ಕೂಡ ಹಾಗೇ ಅಲ್ವಾ? ಅವನು ಹೋಗಲು, ಅವಳು ಹೋಗಲು, ಅವರು ಹೋಗಲು. ಬಾಲವೇ ಬೆಳೆಯಲ್ಲ. ಅದಕ್ಕೇ ಕನ್ನಡ ವ್ಯಾಕರಣದಲ್ಲಿ ಅದನ್ನು ಕೃದಂತಾವ್ಯಯದ, ಅಂದರೆ ಕ್ರಿಯಾಪದದಿಂದ ಹುಟ್ಟಿ ರೂಪ ಬದಲಾಗದೆ ಉಳಿಯುವ ಪದಗಳ, ಪಟ್ಟಿಗೆ ಸೇರಿಸಿದ್ದಾರೆ.

'ಟು ಟೇಕ್' ಬರೀ ಇನ್ಫಿನಿಟಿವ್. 'ಟು ಟೇಕ್ ಗೂಡ್ಸ್ ಫ್ರಮ್ ಅದರ್ ಪಾರ್ಟೀಸ್' ಇಡೀ ಗೊಂಚಲು ಇನ್ಫಿನಿಟಿವ್ ಫ್ರೇಸ್. ಏನನ್ನು ತಗೊಳ್ಳೋದು, ಯಾರಿಂದ ತಗೊಳ್ಳೋದು ಅನ್ನೋದೆಲ್ಲ ಅದರ ಬೆನ್ನಿಗೇ ಬರುತ್ತೆ. ವಾಕ್ಯದಲ್ಲಿ ಇಡೀ ಗೊಂಚಲಿಗೆ ಒಂದೇ ಕೆಲಸ.

'ಟು ಗೋ ಅಂದರೆ ಹೋಗುವುದು' ಅಂತ ಕಲಿಸಿದ್ದು ನಮ್ಮಂಥವರೇ. ತಪ್ಪು ನಮ್ಮದೂ ಇದೆ. ಹೋಗುವುದು ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಎರಡು ಅಂಗಿ. ಒಂದು 'ಟು ಗೋ', ಇನ್ನೊಂದು 'ಗೋಯಿಂಗ್'. ಯಾವ ಅಂಗಿ ಅಂತ ಹಿಂದೆ ನಿಂತಿರುವ ಕ್ರಿಯಾಪದ ಹೇಳುತ್ತೆ.


ಹೊಳಲ್ಕೆರೆ ಹುಡುಗ, ರಾತ್ರಿ 10.31

ಸರ್, ಯಾವ ಕ್ರಿಯಾಪದಕ್ಕೆ ಯಾವುದು ಅಂತ ಲಿಸ್ಟ್ ಬಾಯಿಪಾಠ ಮಾಡಲೇಬೇಕಾ? ಬ್ಯಾಂಕ್ ಎಕ್ಸಾಮಿಗೆ ಕೂತಿದ್ದೀನಿ, ಕೋಚಿಂಗಿನಲ್ಲಿ ಎರಡು ಪುಟದ ಲಿಸ್ಟ್ ಕೊಟ್ಟಿದ್ದಾರೆ. ಒಂದೂ ತಲೇಲಿ ನಿಲ್ಲುತ್ತಿಲ್ಲ.


ಕೋಟೆ ಮೇಷ್ಟ್ರು, ರಾತ್ರಿ 10.48

ಲಿಸ್ಟ್ ಬೇಕು. ಆದರೆ ಅದರೊಳಗೆ ಒಂದು ವಾಸನೆ ಇದೆ, ಅದನ್ನು ಹಿಡಿದರೆ ಅರ್ಧ ಕೆಲಸ ಆಯಿತು. 'ಟು' ಬೇಡುವ ಕ್ರಿಯಾಪದಗಳು ಜಾಸ್ತಿ ಮುಂದಕ್ಕೆ ನೋಡುತ್ತವೆ. 'ವಾಂಟ್', 'ಹೋಪ್', 'ಪ್ಲ್ಯಾನ್', 'ಡಿಸೈಡ್', 'ಪ್ರಾಮಿಸ್', 'ಅಗ್ರೀ', 'ರಿಫ್ಯೂಸ್'. ಕೆಲಸ ಇನ್ನೂ ಆಗಿಲ್ಲ, ಆಗಬೇಕು, ಅಥವಾ ಮಾಡಲ್ಲ ಅಂತ ಹಟ. 'ಇಂಗ್' ಬೇಡುವವು ಜಾಸ್ತಿ ಆಗಿರುವುದನ್ನೋ ಆಗುತ್ತಿರುವುದನ್ನೋ ಕೈಯಲ್ಲಿ ಹಿಡಿದು ನೋಡುತ್ತವೆ. 'ಎಂಜಾಯ್', 'ಫಿನಿಷ್', 'ಅಡ್ಮಿಟ್', 'ಡಿನೈ', 'ಕೀಪ್'. ಎಲ್ಲದಕ್ಕೂ ಇದು ಒಗ್ಗಲ್ಲ. 'ಸಜೆಸ್ಟ್' ಮುಂದಿನ ಮಾತೇ ಆದರೂ 'ಇಂಗ್' ಕೇಳುತ್ತೆ. 'ಅವಾಯ್ಡ್' ಕೂಡ. ಅವನ್ನು ಸುಮ್ನೆ ನೆನಪಿಡಬೇಕು.

ಈ ವಾಸನೆ ಚೆನ್ನಾಗಿ ಹೊಡೆಯೋದು 'ರಿಮೆಂಬರ್' ಮತ್ತು 'ಫರ್ಗೆಟ್' ಹತ್ತಿರ. 'ಐ ರಿಮೆಂಬರ್ಡ್ ಟು ಲಾಕ್ ದ ಶಾಪ್' ಅಂದರೆ ಬೀಗ ಹಾಕಬೇಕು ಅನ್ನೋದು ನೆನಪಾಯಿತು, ಹಾಕಿದೆ. 'ಐ ರಿಮೆಂಬರ್ ಲಾಕಿಂಗ್ ದ ಶಾಪ್' ಅಂದರೆ ಬೀಗ ಹಾಕಿದ್ದು ನೆನಪಿದೆ. ಮೊದಲನೆಯದರಲ್ಲಿ ನೆನಪು ಮೊದಲು, ಬೀಗ ಆಮೇಲೆ. ಎರಡನೆಯದರಲ್ಲಿ ಬೀಗ ಮೊದಲು, ನೆನಪು ಆಮೇಲೆ. ರಾತ್ರಿ ಮನೆಗೆ ಹೋಗಿ ಮಲಗಿದ ಮೇಲೆ ಎದೆ ಢವ ಢವ ಅನ್ನೋದು ಎರಡನೆಯದಕ್ಕೆ.

'ಬಿಗಿನ್', 'ಸ್ಟಾರ್ಟ್' ಇವಕ್ಕೆ ಯಾವುದು ಹಾಕಿದರೂ ನಡೆಯುತ್ತೆ. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ.


ಹರಿಹರದ ಹೊಳೆ, ರಾತ್ರಿ 11.05

ನಾನು ಕನ್ನಡ ಎಂಎ ಮಾಡಿದವಳು, ಇಂಗ್ಲಿಷ್ ಟೀಚರ್ ಅಲ್ಲ. ಆದರೆ ನಮ್ಮ ತಪ್ಪುಗಳು ಎಲ್ಲಿಂದ ಬರುತ್ತವೆ ಅಂತ ಹುಡುಕೋದು ನನಗೊಂದು ಚಟ. ನನಗನ್ನಿಸೋದು, ನಾವು ಇಂಗ್ಲಿಷ್ ಬಾರದೆ ತಪ್ಪು ಮಾಡೋದಕ್ಕಿಂತ ಕನ್ನಡ ಚೆನ್ನಾಗಿ ಬರೋದರಿಂದ ಮಾಡೋದೇ ಜಾಸ್ತಿ.

ಉದಾಹರಣೆಗೆ, 'ಐ ಕೇಮ್ ಫಾರ್ ಸೀಯಿಂಗ್ ಯು'. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಐ ಕೇಮ್ ಫಾರ್ ಟು ಸೀ ಯು'. ಈ 'ಫಾರ್' ಎಲ್ಲಿಂದ ಬಂತು? 'ನೋಡಲಿಕ್ಕೆ' ಅನ್ನೋ ಪದದ ಕೊನೆಯಲ್ಲಿರುವ 'ಕ್ಕೆ'ಯಿಂದ. ಊಟಕ್ಕೆ, ಕೆಲಸಕ್ಕೆ, ನೋಡಲಿಕ್ಕೆ, ಎಲ್ಲದರಲ್ಲೂ ಅದೇ ಚತುರ್ಥಿ ವಿಭಕ್ತಿ. 'ಊಟಕ್ಕೆ' ಅಂದರೆ 'ಫಾರ್ ಲಂಚ್' ಆಗುತ್ತೆ. ಹಾಗಿದ್ದರೆ 'ನೋಡಲಿಕ್ಕೆ' ಅನ್ನೋದಕ್ಕೂ 'ಫಾರ್' ಬೇಡವಾ ಅಂತ ನಮ್ಮ ಕಿವಿ ಕೇಳುತ್ತೆ. ಕಿವಿಯ ಲೆಕ್ಕ ಸರಿ. ಆದರೆ ಇಂಗ್ಲಿಷಿನಲ್ಲಿ ಆ 'ಕ್ಕೆ' ಕೆಲಸವನ್ನು 'ಟು' ಆಗಲೇ ಮಾಡಿ ಮುಗಿಸಿದೆ.

ಮಜಾ ಏನು ಗೊತ್ತಾ? ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಇದೇ ಕಥೆ. ಆಗ ಈ 'ಟು' ಅಂದರೆ ಕಡೆಗೆ ಅನ್ನೋ ಅರ್ಥದ ಪದ. ಅದರ ಮುಂದೆ ಬರುವ ಕ್ರಿಯಾರೂಪಕ್ಕೆ ಚತುರ್ಥಿಯ ಪ್ರತ್ಯಯ ಇರುತ್ತಿತ್ತು. ಕಾಲ ಕಳೆದಂತೆ ಪ್ರತ್ಯಯ ಸವೆದು ಹೋಯಿತು, 'ಟು' ಮಾತ್ರ ಉಳಿಯಿತು. ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ.


ಖಾಲಿ ದೋಸೆ, ರಾತ್ರಿ 11.09

ಅಕ್ಕಾ, ಹಂಗಾದ್ರೆ ನಮ್ಮ 'ಮಾಡಾಕೆ', 'ಹೋಗಾಕೆ' ಕೂಡ ಲೆಕ್ಕಕ್ಕೆ ಬರುತ್ತಾ? ಇಲ್ಲಾ ಪುಸ್ತಕದ ಕನ್ನಡ ಮಾತ್ರಾನಾ?


ಹರಿಹರದ ಹೊಳೆ, ರಾತ್ರಿ 11.20

ಬಾರದೆ ಏನು! ಮಾಡಲಿಕ್ಕೆ, ಮಾಡೋಕೆ, ಮಾಡಾಕೆ ಎಲ್ಲ ಒಂದೇ ಕೆಲಸಕ್ಕೆ. ನಮ್ಮಲ್ಲಿ ಹೊಳೆ ದಾಟಿ ರಾಣೆಬೆನ್ನೂರು ಕಡೆ ಹೋದರೆ 'ಏನ್ ಮಾಡಾಕತ್ತಿ?' ಅನ್ನುತ್ತಾರೆ. ಮಾಡಲಿಕ್ಕೆ ಹತ್ತಿದ್ದೀ ಅನ್ನೋದು ಸವೆದು ಹಾಗಾಗಿದೆ. ಇಂಗ್ಲಿಷಿನವರು 'ಇಂಗ್' ಹಾಕುವ ಜಾಗಕ್ಕೆ ಅವರು 'ಲಿಕ್ಕೆ' ಹಾಕಿದ್ದಾರೆ. ಇದನ್ನು ಮಾತ್ರ ಇಂಗ್ಲಿಷಿಗೆ ಪದಕ್ಕೆ ಪದ ಇಳಿಸಬೇಡಿ.


ಹತ್ತನೇ ಕ್ಲಾಸಿನ ಅಮ್ಮ, ಬೆಳಿಗ್ಗೆ 6.20

ಮೇಷ್ಟ್ರೇ, ನನ್ನ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ವಾಕ್ಯ ಕೊಟ್ಟು ಇನ್ಫಿನಿಟಿವ್ ಗುರುತಿಸಿ ಅಂತ ಟೆಸ್ಟಿನಲ್ಲಿ ಕೇಳಿದ್ದರಂತೆ. 'ಶಿ ವೆಂಟ್ ಟು ದ ಮಾರ್ಕೆಟ್ ಟು ಬೈ ಫ್ಲವರ್ಸ್.' ಇವಳು 'ಟು ದ ಮಾರ್ಕೆಟ್'ಗೆ ಗೆರೆ ಎಳೆದು ಬಂದಿದ್ದಾಳೆ. 'ಟು ಇದ್ದರೆ ಇನ್ಫಿನಿಟಿವ್ ಅಂತ ಮಿಸ್ ಹೇಳಿದ್ರು' ಅಂತ ನನ್ನ ಮೇಲೇ ರೇಗುತ್ತಾಳೆ. ಇನ್ನೊಂದು, ಅದು ನಾಮಪದವಾ, ವಿಶೇಷಣವಾ, ಕ್ರಿಯಾವಿಶೇಷಣವಾ ಅಂತ ಬೇರೆ ಕೇಳುತ್ತಾರಂತೆ. ಅದು ನನಗೂ ಅರ್ಥ ಆಗಿಲ್ಲ.


ಕೋಟೆ ಮೇಷ್ಟ್ರು, ಬೆಳಿಗ್ಗೆ 8.05

ಅಮ್ಮಾ, ಮೊದಲನೇದು ಸುಲಭ. 'ಟು' ಮುಂದೆ ಜಾಗವೋ ಮನುಷ್ಯನೋ ವಸ್ತುವೋ ಬಂದರೆ ಅದು ಬರೀ ಪ್ರಿಪೊಸಿಷನ್. ನಮ್ಮ 'ಗೆ', 'ಕ್ಕೆ' ಇದ್ದಂತೆ. ಮಾರ್ಕೆಟ್ಟಿಗೆ. 'ಟು' ಮುಂದೆ ಮಾಡುವ ಕೆಲಸ ಬಂದರೆ ಇನ್ಫಿನಿಟಿವ್. ಕೊಳ್ಳಲಿಕ್ಕೆ. ಮಗಳಿಗೆ ಮಾರ್ಕ್ಸ್ ಹೋದರೂ ಪರವಾಗಿಲ್ಲ, ಇದು ಇನ್ನು ಮರೆಯಲ್ಲ ಬಿಡಿ.

ಎರಡನೆಯದಕ್ಕೆ ನಾನು ಕ್ಲಾಸಿನಲ್ಲಿ ಓಬವ್ವನ ಕಥೆ ಹಿಡಿಯುತ್ತಿದ್ದೆ. ದುರ್ಗದ ಮಕ್ಕಳಿಗೆ ಅದನ್ನು ಬಿಡಿಸಿ ಹೇಳೋದು ಬೇಡ. ಇಡೀ ಕಥೆ ನಿಂತಿರೋದೇ ಇನ್ಫಿನಿಟಿವ್ ಮೇಲೆ. ಕಾವಲುಗಾರ ಊಟ ಮಾಡಲಿಕ್ಕೆ ಮನೆಗೆ ಬಂದ: 'ದ ಗಾರ್ಡ್ ಕೇಮ್ ಹೋಮ್ ಟು ಈಟ್.' ಹೆಂಡತಿ ನೀರು ತರಲಿಕ್ಕೆ ಹೋದಳು: 'ಓಬವ್ವ ವೆಂಟ್ ಟು ಫೆಚ್ ವಾಟರ್.' ಯಾಕೆ ಬಂದ, ಯಾಕೆ ಹೋದಳು? 'ಯಾಕೆ' ಅನ್ನೋದಕ್ಕೆ ಉತ್ತರ ಸಿಕ್ಕರೆ ಅದು ಕ್ರಿಯಾವಿಶೇಷಣ.

ಮುಂದೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದಾರೆ. ಗಂಡನನ್ನು ಕರೆಯೋಕೆ ಟೈಮಿಲ್ಲ: 'ಶಿ ಹ್ಯಾಡ್ ನೋ ಟೈಮ್ ಟು ಕಾಲ್ ಹರ್ ಹಸ್ಬೆಂಡ್.' ಎಂಥ ಟೈಮ್? ಕರೆಯುವಷ್ಟು ಟೈಮ್. ಇಲ್ಲಿ ಇನ್ಫಿನಿಟಿವ್ 'ಟೈಮ್' ಅನ್ನೋ ನಾಮಪದಕ್ಕೆ ಅಂಟಿಕೊಂಡಿದೆ. 'ಎಂಥ', 'ಯಾವ' ಅಂತ ಕೇಳಿದರೆ ಉತ್ತರ ಸಿಗುತ್ತೆ. ಅದು ವಿಶೇಷಣ.

ಆಮೇಲೆ ಅವಳು ಒನಕೆ ಹಿಡಿದಳು: 'ಶಿ ಡಿಸೈಡೆಡ್ ಟು ಫೈಟ್.' ಏನು ನಿರ್ಧರಿಸಿದಳು? 'ಏನು' ಅನ್ನೋದಕ್ಕೆ ಉತ್ತರ ಆದರೆ ನಾಮಪದ. 'ಟು ವೇಟ್ ವಾಸ್ ಟು ಲೂಸ್ ದ ಫೋರ್ಟ್' ಅಂತಲೂ ಬರೆಸುತ್ತಿದ್ದೆ. ಕಾಯುವುದೆಂದರೆ ಕೋಟೆ ಕಳೆದುಕೊಳ್ಳುವುದೇ. ಅಲ್ಲಿ ಎರಡೂ ನಾಮಪದದ ಕೆಲಸ ಮಾಡುತ್ತವೆ.

ಈ ಕಥೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. 'ಶಿ ಸಾ ಎ ಸೋಲ್ಜರ್ ಕ್ರಾಲ್ ಇನ್.' ಇಲ್ಲಿ 'ಟು' ಇಲ್ಲವೇ ಇಲ್ಲ. ಆದರೂ 'ಕ್ರಾಲ್' ಇನ್ಫಿನಿಟಿವ್ವೇ, ಬೋಳು ಇನ್ಫಿನಿಟಿವ್. 'ಸೀ', 'ಹಿಯರ್' ಇವುಗಳ ಮುಂದೆ ಹಾಗೆ ಬರುತ್ತೆ. 'ಕ್ರಾಲ್ ಇನ್' ಅಂದರೆ ನುಸುಳಿ ಒಳಗೆ ಬಂದದ್ದನ್ನು ಪೂರ್ತಿ ನೋಡಿದಳು. 'ಕ್ರಾಲಿಂಗ್ ಇನ್' ಅಂದರೆ ಇನ್ನೂ ನುಸುಳುತ್ತಿದ್ದಾನೆ, ತಲೆ ಮಾತ್ರ ಹೊರಗೆ ಬಂದಿದೆ. ಓಬವ್ವನ ಒನಕೆಗೆ ಬೇಕಾದದ್ದು ಎರಡನೆಯದು. ಆ ಕಿಂಡಿ ನೋಡಿದವರಿಗೆ ಇದು ಬೇಗ ಹೊಳೆಯುತ್ತೆ, ಒಬ್ಬ ಆಳು ಬಗ್ಗಿ ತೂರುವಷ್ಟೇ ಜಾಗ.


ಹತ್ತನೇ ಕ್ಲಾಸಿನ ಅಮ್ಮ, ಬೆಳಿಗ್ಗೆ 8.30

ಮೇಷ್ಟ್ರೇ, ಮಗಳಿಗೆ ಓದಿಸಿದೆ. 'ನಮ್ಮ ಮಿಸ್ ಹಿಂಗೆ ಹೇಳಲ್ಲ' ಅಂದಳು. 'ಟೂ' ಮತ್ತು 'ಟು' ಸೇರಿಸಿ ಬರೆಯೋ ಪ್ರಶ್ನೆಯೂ ಒಂದಿದೆಯಂತೆ, ಅದನ್ನೂ ಸ್ವಲ್ಪ ಹೇಳಿಬಿಡಿ.


ಖಾಲಿ ದೋಸೆ, ಬೆಳಿಗ್ಗೆ 8.41

ಇದು ನನ್ನ ಸಬ್ಜೆಕ್ಟು. 'ದ ದೋಸೆ ಈಸ್ ಟೂ ಹಾಟ್ ಟು ಈಟ್.' ತಿನ್ನೋಕೆ ಆಗದಷ್ಟು ಬಿಸಿ. ಮುಂದಿನದು ಮೇಷ್ಟ್ರು ಹೇಳಲಿ, ನಾನು ದೋಸೆ ನೋಡಿಕೊಳ್ಳುತ್ತೀನಿ.


ಕೋಟೆ ಮೇಷ್ಟ್ರು, ಬೆಳಿಗ್ಗೆ 9.10

ಅದೇ ದೋಸೆ ಸಾಕು. ಕನ್ನಡದಲ್ಲಿ 'ಆಗದಷ್ಟು' ಅಂತ ಇಲ್ಲ ಅನ್ನೋದನ್ನು ಬಾಯಿ ಬಿಟ್ಟು ಹೇಳುತ್ತೇವೆ. ಇಂಗ್ಲಿಷಿನಲ್ಲಿ 'ನಾಟ್' ಎಲ್ಲೂ ಕಾಣಲ್ಲ, 'ಟೂ' ಹೊಟ್ಟೆಯೊಳಗೇ ಅಡಗಿದೆ. ಪರೀಕ್ಷೆಯಲ್ಲಿ 'ಸೋ', 'ದ್ಯಾಟ್' ಹಾಕಿ ಬದಲಿಸಿ ಅಂದಾಗ ಅದನ್ನು ಹೊರಗೆ ಎಳೆಯಬೇಕು: 'ದ ದೋಸೆ ಈಸ್ ಸೋ ಹಾಟ್ ದ್ಯಾಟ್ ಐ ಕೆನಾಟ್ ಈಟ್ ಇಟ್.' ಕೊನೆಗೆ 'ಇಟ್' ಬಂತು ನೋಡಿ. ಮೊದಲ ವಾಕ್ಯದಲ್ಲಿ ಅದು ಬರಬಾರದು. 'ಟೂ ಹಾಟ್ ಟು ಈಟ್ ಇಟ್' ಅಂತ ಬರೆದು ಅರ್ಧ ಕ್ಲಾಸು ಮಾರ್ಕ್ಸ್ ಕಳೆದುಕೊಳ್ಳುತ್ತಿತ್ತು.

'ಐ ಆಮ್ ಟೂ ಹ್ಯಾಪಿ' ಅಂತ ನಾವು ಸಂತೋಷ ಹೇಳಿಕೊಳ್ಳುತ್ತೇವಲ್ಲ, ಅದೂ ಇದೇ ಗುಂಡಿ. ಬೇಕಾದ್ದಕ್ಕಿಂತ ಜಾಸ್ತಿ ಸಂತೋಷ ಆಗಿ ಏನೋ ಕೆಟ್ಟಿತು ಅನ್ನೋ ಹಾಗೆ ಕೇಳಿಸುತ್ತೆ. 'ವೆರಿ ಹ್ಯಾಪಿ' ಅನ್ನಿ ಸಾಕು.


ನೈಟ್ ಡ್ಯೂಟಿ ಸಿಸ್ಟರ್, ಬೆಳಿಗ್ಗೆ 9.34

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ, ಇದನ್ನು ಓದಿ ನಿದ್ದೆ ಹಾರಿಹೋಯಿತು. ಹೊರದೇಶದ ಕೆಲಸಕ್ಕೆ ಅಂತ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಪ್ರ್ಯಾಕ್ಟೀಸ್ ಪತ್ರದ ಕೊನೆಗೆ 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು' ಅಂತ ಬರೆದೆ. ಹೇಳಿಕೊಡುವವರು ಕೆಂಪು ಗೆರೆ ಎಳೆದು 'ಹಿಯರಿಂಗ್' ಅಂತ ಬರೆದರು. ಯಾಕೆ ಅಂತ ಕೇಳಿದರೆ 'ಅದು ಹಾಗೇ' ಅಂದರು. 'ಟು' ಆದಮೇಲೆ ಮೂಲ ರೂಪ ಅಂತ ಮೇಷ್ಟ್ರು ಮೇಲೆ ಹೇಳಿದ್ದೀರಿ. ಮತ್ತೆ ಇದೇನು?


ಕೋಟೆ ಮೇಷ್ಟ್ರು, ಬೆಳಿಗ್ಗೆ 10.20

ಸಿಸ್ಟರ್, ನೀವು ಕೇಳಿದ್ದು ಈ ಚರ್ಚೆಯಲ್ಲೇ ಒಳ್ಳೇ ಪ್ರಶ್ನೆ. ಆ 'ಟು' ವೇಷ ಹಾಕಿಕೊಂಡಿದೆ. ಅದು ಇನ್ಫಿನಿಟಿವ್ವಿನ 'ಟು' ಅಲ್ಲ, ಮಾರ್ಕೆಟ್ಟಿನ 'ಟು'. ಅಂದರೆ ಪ್ರಿಪೊಸಿಷನ್. ಪ್ರಿಪೊಸಿಷನ್ ಮುಂದೆ ಕ್ರಿಯಾಪದ ಬಂದರೆ 'ಇಂಗ್' ಹಾಕಿಕೊಂಡೇ ಬರಬೇಕು.

ಪತ್ತೆ ಹಚ್ಚೋದು ಹೇಗೆ? 'ಟು' ಆದಮೇಲೆ ಕ್ರಿಯಾಪದ ತೆಗೆದು ಒಂದು ನಾಮಪದ ಇಟ್ಟು ನೋಡಿ. ದಾವಣಗೆರೆಯವರು ನೀವು, ದುಗ್ಗಮ್ಮನ ಜಾತ್ರೆಯನ್ನೇ ಇಡಿ. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ದ ಜಾತ್ರೆ.' ಚೆನ್ನಾಗಿ ಕೂತಿತು. ಹಾಗಾದರೆ ಅದು ಪ್ರಿಪೊಸಿಷನ್, 'ಹಿಯರಿಂಗ್' ಬೇಕು. ಈಗ 'ಐ ವಾಂಟ್ ಟು ದ ಜಾತ್ರೆ.' ಕೂರಲ್ಲ. ಹಾಗಾದರೆ ಅದು ಇನ್ಫಿನಿಟಿವ್, 'ಟು ಹಿಯರ್' ಸಾಕು.

ಇದೇ ಪರೀಕ್ಷೆಯನ್ನು ನಿಮ್ಮ ನೈಟ್ ಡ್ಯೂಟಿಗೂ ಇಡಿ. 'ಐ ಯೂಸ್ಡ್ ಟು ವರ್ಕ್ ನೈಟ್ಸ್' ಅಂದರೆ ಹಿಂದೆ ಮಾಡುತ್ತಿದ್ದೆ, ಈಗ ಇಲ್ಲ. 'ಐ ಆಮ್ ಯೂಸ್ಡ್ ಟು ವರ್ಕಿಂಗ್ ನೈಟ್ಸ್' ಅಂದರೆ ನನಗೆ ರೂಢಿ ಆಗಿದೆ. ಇಂಟರ್‌ವ್ಯೂನಲ್ಲಿ ಒಂದರ ಬದಲು ಇನ್ನೊಂದು ಹೇಳಿದರೆ ನೈಟ್ ಡ್ಯೂಟಿ ಬಿಟ್ಟು ಬಂದವರು ಅಂದುಕೊಳ್ಳುತ್ತಾರೆ.


ನೈಟ್ ಡ್ಯೂಟಿ ಸಿಸ್ಟರ್, ಬೆಳಿಗ್ಗೆ 10.26

ಅಯ್ಯೋ, ಹೋದ ವಾರ ಅದನ್ನೇ ಹೇಳಿ ಬಂದಿದ್ದೀನಿ. ಮಲಗ್ತೀನಿ, ಸಂಜೆ ಸಿಗೋಣ.


ಹೊಳಲ್ಕೆರೆ ಹುಡುಗ, ಮಧ್ಯಾಹ್ನ 1.15

ಮೇಷ್ಟ್ರ ಬೋಳು ಇನ್ಫಿನಿಟಿವ್ ವಿಷಯಕ್ಕೆ ಬರ್ತೀನಿ. 'ಹೀ ಮೇಡ್ ಮಿ ಟು ವೇಟ್' ಅಂತ ಮಾಕ್ ಟೆಸ್ಟಿನಲ್ಲಿ ಬಂದಿತ್ತು. ನಾನು ಸರಿ ಅಂತ ಟಿಕ್ ಹಾಕಿದೆ, ಮೈನಸ್ ಮಾರ್ಕ್ ಬಿತ್ತು. ಆದರೆ 'ಐ ವಾಸ್ ಮೇಡ್ ಟು ವೇಟ್' ಸರಿಯಂತೆ. ಒಂದೇ 'ಮೇಕ್'. ಒಂದು ಕಡೆ 'ಟು' ಬೇಡ, ಇನ್ನೊಂದು ಕಡೆ ಬೇಕು. ಏನ್ ನ್ಯಾಯ ಇದು?


ಹರಿಹರದ ಹೊಳೆ, ಮಧ್ಯಾಹ್ನ 1.50

ತಮ್ಮಾ, ಕನ್ನಡದಲ್ಲೂ ಇದೇ ನ್ಯಾಯ ನಡೆಯುತ್ತೆ. ಮಾಡಬೇಕು, ಮಾಡಬಹುದು, ಮಾಡಬಾರದು ಅನ್ನೋದನ್ನು ಬಿಡಿಸಿ ನೋಡು. 'ಲು' ಎಲ್ಲಿದೆ? ಇಲ್ಲ. ಬೋಳು 'ಮಾಡ' ಮಾತ್ರ. ಇಂಗ್ಲಿಷಿನಲ್ಲೂ 'ಮಸ್ಟ್', 'ಕ್ಯಾನ್', 'ಮೇ', 'ಶುಡ್' ಮುಂದೆ 'ಟು' ಬರಲ್ಲ. 'ಮಸ್ಟ್ ಟು ಗೋ' ಅಂತ ಯಾರೂ ಹೇಳಲ್ಲ ಅಲ್ವಾ? ಈಗ ಒತ್ತು ಕೊಟ್ಟು ಹೇಳು. 'ಮಾಡಲೇಬೇಕು.' ಎಲ್ಲೋ ಅಡಗಿದ್ದ 'ಲ' ಎದ್ದು ಬಂತು ನೋಡು. ವಾಕ್ಯವನ್ನು ತಿರುಗಿಸಿದಾಗ 'ಮೇಕ್' ಹತ್ತಿರ 'ಟು' ಎದ್ದು ಬರೋದೂ ಹೀಗೇ. ಕಾರಣ ಬೇರೆ ಬೇರೆ ಇರಬಹುದು, ನೆನಪಿಟ್ಟುಕೊಳ್ಳೋಕೆ ಇದು ಸಾಕು.

'ಲೆಟ್' ಕೂಡ 'ಮೇಕ್' ತಮ್ಮನೇ, 'ಲೆಟ್ ಹಿಮ್ ಗೋ'. 'ಹೆಲ್ಪ್' ಮಾತ್ರ ಎರಡಕ್ಕೂ ಸೈ.


ಮಂಡಿಪೇಟೆ ಗುಮಾಸ್ತ, ಮಧ್ಯಾಹ್ನ 2.30

ಊಟದ ಬಿಡುವಿನಲ್ಲಿ ಎಲ್ಲ ಓದಿದೆ. ಹಳೇ ಮೇಲ್‌ಗಳನ್ನು ತೆಗೆದು ನೋಡಿದರೆ ನಾಚಿಕೆ ಆಗುತ್ತೆ. ನಾನೇ ಬರೆದ ಮೂರು ಇಲ್ಲಿ ಹಾಕ್ತೀನಿ, ನಗಬೇಡಿ.

'ಅವರ್ ಓನರ್ ವಾಂಟ್ಸ್ ದ್ಯಾಟ್ ಯು ಶುಡ್ ಸೆಂಡ್ ದ ಬಿಲ್.'
'ಹೀ ಸೆಡ್ ಮಿ ಟು ಇನ್ಫಾರ್ಮ್ ಯು.'
'ಅವರ್ ಡ್ರೈವರ್ ಡಸ್ ನಾಟ್ ನೋ ಟು ಸ್ಪೀಕ್ ಹಿಂದಿ.'


ಹರಿಹರದ ಹೊಳೆ, ಮಧ್ಯಾಹ್ನ 3.10

ನಗೋದು ಯಾಕೆ? ಮೂರೂ ಅಚ್ಚ ಕನ್ನಡ. ಮೊದಲನೇದರಲ್ಲಿ ನಿಮ್ಮ ತಲೆಯಲ್ಲಿ ಇದ್ದದ್ದು 'ನೀವು ಬಿಲ್ ಕಳಿಸಬೇಕು ಅಂತ'. ಆ 'ಅಂತ'ವೇ 'ದ್ಯಾಟ್' ಆಯಿತು, ಆ 'ಬೇಕು' ಹೋಗಿ 'ಶುಡ್' ಆಯಿತು. ಇಂಗ್ಲಿಷಿನಲ್ಲಿ 'ವಾಂಟ್' ಆದಮೇಲೆ ಮನುಷ್ಯನನ್ನು ತಂದು ಕೂರಿಸಿ, ಆಮೇಲೆ ಇನ್ಫಿನಿಟಿವ್ ಹಾಕಬೇಕು: 'ವಾಂಟ್ಸ್ ಯು ಟು ಸೆಂಡ್ ದ ಬಿಲ್'. 'ಆಸ್ಕ್', 'ಟೆಲ್' ಇವಕ್ಕೂ ಇದೇ ಅಚ್ಚು. ನಿಮ್ಮ ಎರಡನೇದು 'ಹೀ ಟೋಲ್ಡ್ ಮಿ ಟು ಇನ್ಫಾರ್ಮ್ ಯು' ಆಗಬೇಕು. 'ಸೇ' ಜೊತೆ ಮನುಷ್ಯನನ್ನು ಹಾಗೆ ಕೂರಿಸೋಕೆ ಬರಲ್ಲ.

ಮೂರನೇದು ನನಗೆ ಇಷ್ಟ ಆಯಿತು. 'ಮಾತಾಡೋಕೆ ಗೊತ್ತಿಲ್ಲ' ಅನ್ನೋದನ್ನು ನೇರ ಇಳಿಸಿದ್ದೀರಿ. ಇಂಗ್ಲಿಷಿನಲ್ಲಿ ನಡುವೆ 'ಹೌ' ಬೇಕು. ಹೇಗೆ ಮಾಡೋದು ಅಂತ ಗೊತ್ತು ಅಥವಾ ಗೊತ್ತಿಲ್ಲ. ನಾನು ಭದ್ರಾ ಚಾನೆಲ್‌ನಲ್ಲಿ ಈಜು ಕಲಿತವಳು, 'ಐ ನೋ ಹೌ ಟು ಸ್ವಿಮ್'. ಭಾಷೆಗಾದರೆ ಅಷ್ಟೂ ಬೇಡ, 'ಡಸ್ ನಾಟ್ ಸ್ಪೀಕ್ ಹಿಂದಿ' ಅಂದರೆ ಸಾಕು.


ಕೋಟೆ ಮೇಷ್ಟ್ರು, ಸಂಜೆ 4.40

ಇದಕ್ಕೇ ಒಂದು ಬಾಲ. ಗುಮಾಸ್ತರೇ, 'ನಾಟ್' ಎಲ್ಲಿ ಇಡುತ್ತೀರಿ ಅನ್ನೋದರ ಮೇಲೆ ಕಣ್ಣಿರಲಿ. 'ಹೀ ಟೋಲ್ಡ್ ಮಿ ನಾಟ್ ಟು ಕಮ್' ಅಂದರೆ ಬರಬೇಡ ಅಂದ. 'ಹೀ ಡಿಡ್ ನಾಟ್ ಟೆಲ್ ಮಿ ಟು ಕಮ್' ಅಂದರೆ ಬಾ ಅಂತ ಅನ್ನಲಿಲ್ಲ. ನೆಂಟರ ಮನೆ ಮದುವೆಯಲ್ಲಿ ಇವೆರಡಕ್ಕೂ ಎಷ್ಟು ದೂರ ಅಂತ ನಿಮಗೇ ಗೊತ್ತು.

ಇನ್ನು ಕುರ್ಚಿ. 'ಕೂರೋಕೆ ಕುರ್ಚಿ ಕೊಡಿ' ಅನ್ನೋದಕ್ಕೆ 'ಎ ಚೇರ್ ಟು ಸಿಟ್' ಅಂತ ನಿಲ್ಲಿಸುತ್ತೇವೆ. 'ಟು ಸಿಟ್ ಆನ್' ಆಗಬೇಕು. ಕೂರೋದು ಕುರ್ಚಿಯ ಮೇಲೆ ತಾನೇ? ಹಾಗೇ 'ಎ ಪೆನ್ ಟು ರೈಟ್ ವಿತ್', 'ಎ ಹೌಸ್ ಟು ಲಿವ್ ಇನ್'. ಕನ್ನಡದಲ್ಲಿ ಆ 'ಮೇಲೆ', 'ಇಂದ', 'ಒಳಗೆ' ಹೇಳದೆಯೂ ನಡೆಯುತ್ತೆ. ಇಂಗ್ಲಿಷಿನಲ್ಲಿ ಕೊನೆಗೆ ಬಾಲದ ಹಾಗೆ ಅದನ್ನು ಉಳಿಸಲೇಬೇಕು.


ಹೊಳಲ್ಕೆರೆ ಹುಡುಗ, ಸಂಜೆ 5.05

ಸರ್, ಕೊನೇದು. 'ಟು' ಮತ್ತು ಕ್ರಿಯಾಪದದ ಮಧ್ಯೆ ಬೇರೆ ಪದ ತೂರಿಸಬಾರದಂತೆ ಹೌದಾ? 'ಟು ಕ್ಲಿಯರ್ಲಿ ಅಂಡರ್‌ಸ್ಟ್ಯಾಂಡ್' ತಪ್ಪು ಅಂತ ಕೋಚಿಂಗಿನವರು ಹೇಳ್ತಾರೆ. ಆದರೆ ಇಂಗ್ಲಿಷ್ ಪೇಪರಿನಲ್ಲಿ ದಿನಾ ಕಾಣುತ್ತೆ.


ಕೋಟೆ ಮೇಷ್ಟ್ರು, ಸಂಜೆ 5.45

ಇದಕ್ಕೆ ನಾನು ತಪ್ಪೊಪ್ಪಿಗೆ ಬರೆಯಬೇಕು. ಮೂವತ್ತು ವರ್ಷ ಇದನ್ನು ಹೊಡೆದು ಹಾಕಿದವನು ನಾನು. ನನಗೆ ಕಲಿಸಿದವರೂ ಹೊಡೆದು ಹಾಕಿದ್ದರು.

ಆದರೆ ಇದು ಯಾವ ಕಾಲಕ್ಕೂ ಗಟ್ಟಿ ನಿಯಮ ಆಗಿರಲಿಲ್ಲ. ಶತಮಾನಗಳ ಹಿಂದಿನ ಇಂಗ್ಲಿಷ್ ಬರಹದಲ್ಲೂ ಈ ತೂರಿಸುವಿಕೆ ಇದೆ. 19ನೇ ಶತಮಾನದಲ್ಲಿ ಅದನ್ನು ತಪ್ಪು ಅನ್ನುವವರು ಹೆಚ್ಚಾದರು. 1864ರಲ್ಲಿ ಹೆನ್ರಿ ಆಲ್ಫರ್ಡ್ ಎಂಬ ಪಾದ್ರಿ ಇದನ್ನು ಆಕ್ಷೇಪಿಸಿ ಬರೆದರು. ಅವರು ಕ್ಯಾಂಟರ್ಬರಿಯ ಡೀನ್ ಆಗಿದ್ದವರು. 'ಟು' ಮತ್ತು ಕ್ರಿಯಾಪದ ಬಿಡಿಸಲಾಗದ ಜೋಡಿ ಅನ್ನೋದು ಅವರ ವಾದ. ಅದು ಶಾಲೆಗಳಿಗೆ ಹಬ್ಬಿ, ಹಡಗು ಹತ್ತಿ ನಮ್ಮ ಕ್ಲಾಸಿಗೂ ಬಂತು. ಈಗಿನ ವ್ಯಾಕರಣದವರು ಅದನ್ನು ತಪ್ಪು ಅನ್ನಲ್ಲ.

ನನ್ನ ಸಲಹೆ: ಪರೀಕ್ಷೆಯಲ್ಲಿ ತೂರಿಸಬೇಡ, ನಿನ್ನ ಪೇಪರ್ ತಿದ್ದುವವನು ನನ್ನಂಥವನೇ ಇರಬಹುದು. ಕೆಲಸ ಸಿಕ್ಕಮೇಲೆ ಎಷ್ಟು ಬೇಕಾದರೂ ತೂರಿಸು.


ಹರಿಹರದ ಹೊಳೆ, ಸಂಜೆ 6.00

ಮೇಷ್ಟ್ರೇ, ಇದು ಸ್ವಲ್ಪ ಹೇಡಿತನದ ಸಲಹೆ ಆಯ್ತು.


ಕೋಟೆ ಮೇಷ್ಟ್ರು, ಸಂಜೆ 6.04

ಪೆನ್ಷನ್ ತಗೊಳ್ಳೋನು ಇನ್ನೆಂಥ ಸಲಹೆ ಕೊಡಲಿ ತಾಯಿ.


ಮಂಡಿಪೇಟೆ ಗುಮಾಸ್ತ, ರಾತ್ರಿ 8.50

ಹೊಸ ಮೇಲ್ ಬರೆದಿದ್ದೀನಿ, ಕಳಿಸೋಕೆ ಮೊದಲು ನೋಡಿ (ಎಲ್‌ಆರ್ ಅಂದರೆ ಮಾಲಿನ ಲಾರಿ ರಸೀತಿ):

'ವಿ ಹ್ಯಾವ್ ಸ್ಟಾಪ್ಡ್ ಟೇಕಿಂಗ್ ಗೂಡ್ಸ್ ಫ್ರಮ್ ಅದರ್ ಪಾರ್ಟೀಸ್. ವಿ ವಾಂಟ್ ಯು ಟು ಗಿವ್ ಅಸ್ ಯುವರ್ ಬೆಸ್ಟ್ ರೇಟ್. ಪ್ಲೀಸ್ ರಿಮೆಂಬರ್ ಟು ಸೆಂಡ್ ದ ಎಲ್‌ಆರ್ ಕಾಪಿ. ವಿ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು.'


ಕೋಟೆ ಮೇಷ್ಟ್ರು, ರಾತ್ರಿ 9.02

ಒಂದೂ ತಪ್ಪಿಲ್ಲ. 'ವಿ ವಾಂಟ್ ಯು ಟು' ಸ್ವಲ್ಪ ಅಪ್ಪಣೆ ಕೊಟ್ಟ ಹಾಗಿದೆ. ಮೊದಲೇ ಮುನಿಸಿಕೊಂಡಿರುವ ಪಾರ್ಟಿ. 'ವಿ ವುಡ್ ಲೈಕ್ ಯು ಟು' ಅಂತ ಮಾಡಿ ಕಳಿಸಿ.


ಮಂಡಿಪೇಟೆ ಗುಮಾಸ್ತ, ನಾಲ್ಕು ದಿನದ ನಂತರ, ರಾತ್ರಿ 9.15

ರೇಟು ಬಂತು, ಮಾಲೂ ಲೋಡ್ ಆಯ್ತು, ಎಲ್‌ಆರ್ ಇವತ್ತು ಬೆಳಿಗ್ಗೆ ಸಿಕ್ಕಿತು. ಸಾಹುಕಾರ್ರು ಏನೂ ಹೇಳಲಿಲ್ಲ. ಆದರೆ ಮಗಳ ಮದುವೆ ಕಾರ್ಡಿನ ಇಂಗ್ಲಿಷ್ ಕಡೆಯದನ್ನೂ ನೀನೇ ಬರಿ ಅಂದಿದ್ದಾರೆ. 'ವಿ ರಿಕ್ವೆಸ್ಟ್ ಯು ಟು ಗ್ರೇಸ್ ದ ಅಕೇಷನ್.' ಈ 'ಟು' ಯಾವುದು ಮೇಷ್ಟ್ರೇ? ಜಾತ್ರೆ ಪರೀಕ್ಷೆ ಇಟ್ಟು ನೋಡಿದೆ, 'ರಿಕ್ವೆಸ್ಟ್ ಯು ಟು ದ ಜಾತ್ರೆ' ಕೂರಲಿಲ್ಲ. ಇನ್ಫಿನಿಟಿವ್ ತಾನೇ?


ಖಾಲಿ ದೋಸೆ, ರಾತ್ರಿ 9.17

ಅದಿರಲಿ, ಊಟಕ್ಕೆ ಏನು?


ಕೋಟೆ ಮೇಷ್ಟ್ರು, ರಾತ್ರಿ 9.30

ಇನ್ಫಿನಿಟಿವ್ವೇ. ಅಚ್ಚಿಗೆ ಕೊಡೋಕೆ ಮೊದಲು ಪ್ರೂಫ್ ನನಗೊಂದು ಕಳಿಸಿ.